ಹೆಬ್ಬಾಳದ ಮೂವತ್ತು ಎಕರೆ

ತುಮಕೂರು ಹೆದ್ದಾರಿಯಲ್ಲಿ ಮಾಕಳಿಯನ್ನು ದಾಟುವಾಗ ಇಂದು ತಮ್ಮ ಕಣ್ಣಿಗೆ ಬೀಳುವುವು ಉಗ್ರಾಣಗಳು, ಕಾರ್ಖಾನೆಗಳು, ಬಡಾವಣೆಗಳು. ರಾಗಿ, ಅವರೆ, ಹುಚ್ಚೆಳ್ಳುಗಳ ಈ ಸೀಮೆಯಲ್ಲಿ ಮಗನು ಬೇಸಾಯವನ್ನು ತಂದೆಯ ಹಿಂದೆ ನಡೆದೇ ಕಲಿಯುತ್ತಿದ್ದನು. ಅದನ್ನು ಶಾಲೆಯಲ್ಲಿಯೂ ಕಲಿಸಬಹುದೆಂಬ ಯೋಚನೆ ಹುಟ್ಟಿದ್ದು ಇಲ್ಲಿಗೆ ದೂರವಲ್ಲದ ಹೆಬ್ಬಾಳದಲ್ಲಿ.

1899ರಲ್ಲಿ ಮೈಸೂರಿನ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೃಷಿ ಪ್ರಯೋಗಕ್ಕೆಂದು ಅಲ್ಲಿ 30 ಎಕರೆ ಭೂಮಿಯನ್ನು ದಯಪಾಲಿಸಿದರು. ರಸಾಯನ ಶಾಸ್ತ್ರಜ್ಞ ಡಾ. ಲೇಮನ್ನರು ಮಣ್ಣು, ಗೊಬ್ಬರಗಳ ಪರೀಕ್ಷೆಗೆ ತೊಡಗಿದರು. 1908ರಲ್ಲಿ ಕೆನಡಾದಿಂದ ಬಂದ ಡಾ. ಲೆಸ್ಲಿ ಕೋಲ್ಮನ್ನರ ಕಥೆಯಂತೂ ನೆನೆಯತಕ್ಕದ್ದು. ಮಲೆನಾಡಿನ ಅಡಿಕೆಗೆ ಕೊಳೆರೋಗ ಬಿದ್ದರೆ ವರ್ಷದ ಅನ್ನವೇ ನೆಲಕ್ಕುರುಳುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟುವುದೊಂದೇ ರೈತನಿಗೆ ತಿಳಿದಿದ್ದ ಉಪಾಯ. ಕೋಲ್ಮನ್ನರು ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆಗೆ ತೊಳೆದು ಹೋಗದಂತೆ ಅಂಟು ಬೆರೆಸಿ ಗೊನೆಗಳಿಗೆ ಸಿಂಪಡಿಸುವುದನ್ನು ಬಳಕೆಗೆ ತಂದರು. ಪುಸ್ತಕ ಬಾರದವನೂ ಕಣ್ಣಿನಿಂದ ಕಲಿಯಬಲ್ಲ ವಿದ್ಯೆಯಿದು. ಇಂದಿಗೂ ಮಲೆನಾಡಿನ ತೋಟಗಳಲ್ಲಿ ನಿಂತಿದೆ.

1913ರಲ್ಲಿ ಹೆಬ್ಬಾಳದಲ್ಲಿ ಕೃಷಿಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ವಿಶ್ವವಿದ್ಯಾನಿಲಯ, 1969ರಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲ ಆವರಣ: ಬೆಳವಣಿಗೆ ಸಣ್ಣದಲ್ಲ. ಆದರೆ ಕೃಷಿ ಓದಿದವನು ಕಛೇರಿಯ ಮೇಜಿಗೆ ಹೋದನು, ಹೊಲದಲ್ಲಿ ಉಳಿದವನು ಓದಲಿಲ್ಲ ಎಂಬ ಹಳೆಯ ದೂರು ಸುಳ್ಳೆಂದು ಈ ಲೇಖಕನಿಗೆ ತೋರುವುದಿಲ್ಲ. ಪದವಿಯು ನೌಕರಿಯ ಮೆಟ್ಟಿಲಾದಾಗ ಹೀಗಾಗುವುದು ಸಹಜ.

ಈ ಕೊರತೆಯನ್ನು ತುಂಬಲೆಂದೇ ಪದವಿಯ ಹಂಗಿಲ್ಲದೆ, ಮಾಡಿ ಕಲಿಯುವ ಕೃಷಿ ವಿಜ್ಞಾನ ಕೇಂದ್ರಗಳು ಬಂದವು. ದೇಶದ ಮೊದಲನೆಯದು 1974ರಲ್ಲಿ ಪುದುಚೇರಿಯಲ್ಲಿ ತೆರೆಯಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೇಂದ್ರವು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿದೆ. ಅಲ್ಲಿ ಪರೀಕ್ಷೆಯಿಲ್ಲ, ಅಂಕಪಟ್ಟಿಯಿಲ್ಲ. ಬೀಜೋಪಚಾರವನ್ನು ಬೀಜ ಕೈಯಲ್ಲಿ ಹಿಡಿದೇ ಕಲಿಯಬೇಕು. ಎರಡು ಎಕರೆಯಲ್ಲಿ ಒಂದನ್ನು ರಸ್ತೆಗೋ ಕಾರ್ಖಾನೆಗೋ ಬಿಟ್ಟುಕೊಟ್ಟ ಮನೆಯ ಹುಡುಗನಿಗೆ ಉಳಿದ ಎಕರೆಯಲ್ಲಿ ಏನು ಬೆಳೆಯಬೇಕೆಂಬುದೇ ದೊಡ್ಡ ಪ್ರಶ್ನೆ. ನಾಲ್ಕು ವರ್ಷ ಕಾಲೇಜಿನಲ್ಲಿ ಕೂರುವ ವ್ಯವಧಾನ ಅವನಿಗಿಲ್ಲ.

ಮಠದ ಪ್ರಸಾದನಿಲಯದಲ್ಲಿ ಓದಿ ಪಟ್ಟಣದ ಉದ್ಯೋಗ ಹಿಡಿದ ನಮ್ಮಲ್ಲನೇಕರ ಜಮೀನು ಇಂದು ಊರಿನಲ್ಲಿ ಅಣ್ಣನ ಮಗನ ಕೈಯಲ್ಲಿದೆ. ಅವನಿಗೆ ಹಾಡೋನಹಳ್ಳಿಯ ದಾರಿಯನ್ನು ನಮ್ಮಲ್ಲಿ ಎಷ್ಟು ಮಂದಿ ಹೇಳಿದ್ದೇವೆ?