ಅಡಿ ಹೇಳುವ ಪಟ್ಟಿ, ಆಳ ಹೇಳುವ ಸದ್ದು

ಮುಂಗಾರು ಜೋರಾದಾಗ ಹಿರಿಯೂರಿನ ಹೋಟೆಲುಗಳಲ್ಲಿ ಮಳೆಯ ಸುದ್ದಿಗಿಂತ ಮೊದಲು ಬರುವ ಪ್ರಶ್ನೆ ‘ಡ್ಯಾಂ ಎಷ್ಟಾಯ್ತು?’ ಎಂಬುದು. ಉತ್ತರ ಟಿಎಂಸಿಯಲ್ಲಿ ಬರುವುದಿಲ್ಲ, ಅಡಿಯಲ್ಲೇ ಬರುತ್ತದೆ. ನೂರು ದಾಟಿದರೆ ಮುಖಗಳು ಅರಳುತ್ತವೆ. 130 ಮುಟ್ಟಿತೆಂದರೆ ಕೋಡಿ.

ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಈ ಅಣೆಕಟ್ಟಿನ ಕೆಲಸ ಶುರುವಾದದ್ದು 1897ರಲ್ಲಿ. ಚಾಮರಾಜ ಒಡೆಯರು ತೀರಿಕೊಂಡು, ರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಮೈಸೂರನ್ನು ಆಳುತ್ತಿದ್ದ ಕಾಲ. ದಿವಾನರು ಶೇಷಾದ್ರಿ ಅಯ್ಯರ್. ಸಿಮೆಂಟಿಲ್ಲದೆ ಕಲ್ಲು-ಗಾರೆಯಲ್ಲೇ ಎದ್ದ ಗೋಡೆ 1907ಕ್ಕೆ ಮುಗಿಯಿತು. ರಾಣಿಯ ‘ವಾಣಿ ವಿಲಾಸ ಸನ್ನಿಧಾನ’ ಎಂಬ ಬಿರುದೇ ಸಾಗರದ ಹೆಸರಾಯಿತು. ಊರವರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಮಾರಿಕಣಿವೆ, ಕಣಿವೆ ಮಾರಮ್ಮನ ನೆರಳಿನ ನೀರು.

ನೀರನ್ನು ಕಟ್ಟುವುದು ಈ ಸೀಮೆಗೆ ಹೊಸದೇನಲ್ಲ. ಚಿತ್ರದುರ್ಗದ ಬೆನ್ನಿಗಿರುವ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಅಲ್ಲಿನ ಬಂಡೆಶಾಸನವೇ ಹೇಳುತ್ತದೆ. ಕಟ್ಟಿದ ಮೇಲೆ ಆಳ ತಿಳಿಯಬೇಕಲ್ಲ? ಅದಕ್ಕೆ ಹಳೆಯ ತೂಬೇ ಅಳತೆಗೋಲು. ಏರಿಯ ಒಳಮಗ್ಗುಲಿಗೆ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ಮೆಟ್ಟಿಲಿನಂತೆ ಅಡ್ಡಗಲ್ಲುಗಳು, ಅವುಗಳ ತೂತಿನಲ್ಲಿ ಇಳಿಬಿಟ್ಟ ಮರದ ಗಳ. ಎಷ್ಟು ಅಡ್ಡಗಲ್ಲು ಮುಳುಗಿದೆ ಎಂದು ನೋಡಿದರೆ ನೀರಗಂಟಿಗೆ ಲೆಕ್ಕ ಸಿಕ್ಕಿತು. ಉಳಿದವರಿಗೆ ಮೊಣಕಾಲುದ್ದ, ಎದೆಮಟ್ಟ, ಆಳುದ್ದ. ಹರಿಗೋಲಿನವನಿಗೆ ಕೈಯಲ್ಲಿರುವ ಗಳ ನೆಲ ಮುಟ್ಟಿದರೆ ಒಂದು ಆಳ, ಮುಟ್ಟದಿದ್ದರೆ ಇನ್ನೊಂದು.

ಆದರೆ ಅಡ್ಡಗಲ್ಲಾಗಲಿ ಅಣೆಕಟ್ಟಿನ ಅಡಿಪಟ್ಟಿಯಾಗಲಿ ಹೇಳುವುದು ನೀರಿನ ತಲೆಯ ಸುದ್ದಿಯನ್ನಷ್ಟೇ. ಪಾದದ ಸುದ್ದಿ ಬೇರೆ. ಹೊಳೆ ಪ್ರತಿ ಮಳೆಗಾಲ ನೀರಿನೊಂದಿಗೆ ಮಣ್ಣನ್ನೂ ಹೊತ್ತು ತರುತ್ತದೆ, ತಳ ಮೇಲೇರುತ್ತದೆ, ಪಟ್ಟಿಯ ಮೇಲಿನ ಅಂಕಿ ಮಾತ್ರ ಹಾಗೇ ಇರುತ್ತದೆ. ತುಂಗಭದ್ರೆಯ ಕಥೆ ನೋಡಿ: ಹೊಸಪೇಟೆಯ ಜಲಾಶಯ ತುಂಬಿತೆಂದರೆ ಆಗಲೂ 1,633 ಅಡಿ, ಈಗಲೂ 1,633 ಅಡಿ. ಆದರೆ ಮೊದಲು ಅಷ್ಟರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, 2016ರ ಸಮೀಕ್ಷೆಯಲ್ಲಿ ಸಿಕ್ಕಿದ್ದು 105.79 ಟಿಎಂಸಿ. ಉಳಿದದ್ದು ಹೂಳಿನ ಪಾಲು.

ತಳದ ಸುದ್ದಿ ತರಲು ಲೋಕ ಬಹುಕಾಲ ನೆಚ್ಚಿದ್ದು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಜರ್ಮನಿಯ ಅಲೆಕ್ಸಾಂಡರ್ ಬೆಹ್ಮ್ ಮಂಜುಗಡ್ಡೆಯನ್ನು ಸದ್ದಿನಿಂದ ಪತ್ತೆಹಚ್ಚಲು ಹೊರಟ. ಮಂಜುಗಡ್ಡೆ ಅವನಿಗೆ ಸರಿಯಾಗಿ ಓಗೊಡಲಿಲ್ಲ, ಸಮುದ್ರದ ತಳ ಓಗೊಟ್ಟಿತು. 1913ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ಮಾರಿಕಣಿವೆಗೆ ಆಗ ಆರೇ ವರ್ಷ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 40 ಮೀಟರ್ ಆಳಕ್ಕೆ ಹೋಗಿ ಮರಳಲು ಒಂದು ಸೆಕೆಂಡಿನ ಸುಮಾರು ಇಪ್ಪತ್ತರಲ್ಲೊಂದು ಪಾಲು ಸಾಕು. ಹೂಳಿನ ಸಮೀಕ್ಷೆಗೆ ಎರಡು ಬಗೆಯ ಸದ್ದು ಬಳಸುವುದುಂಟು. 200 ಕಿಲೋಹರ್ಟ್ಸ್ ಆಸುಪಾಸಿನ ಸಣ್ಣ ದನಿ ಮೆತ್ತನೆಯ ಕೆಸರಿನ ಮೇಲ್ಮೈಯಿಂದಲೇ ತಿರುಗುತ್ತದೆ, 30ರ ಆಸುಪಾಸಿನ ದಪ್ಪ ದನಿ ಕೆಸರಿನೊಳಕ್ಕೂ ಇಳಿಯುತ್ತದೆ.

ಹೀಗೆ ಸದ್ದು ಬಿಟ್ಟು ಮಾರ್ದನಿ ಕೇಳುವ ಸಾಧನವನ್ನು ದೋಣಿಗೆ ಕೂಡಿಸುವುದೇ ಒಂದು ಕಸುಬು. ನಿಧಾನದ ದೋಣಿಯಾದರೆ ಪಕ್ಕದಲ್ಲಿ ಕಂಬ ಕಟ್ಟಿ ನೀರಿಗೆ ಇಳಿಬಿಟ್ಟರಾಯಿತು. ವೇಗದ ಮೋಟಾರು ದೋಣಿಗೆ ಅದು ಆಗದು, ನೀರಿನ ರಭಸ ಕಂಬವನ್ನೇ ಬಾಗಿಸುತ್ತದೆ. ಹಾಗಾಗಿ ತಳಕ್ಕೇ ತೂತು. ಓಡುವಾಗ ದೋಣಿಯ ಮುಂಭಾಗ ನೀರುಬಿಟ್ಟು ಮೇಲೇಳುವುದರಿಂದ ಜಾಗ ಹಿಂಬದಿಯಲ್ಲೇ ಆಗಬೇಕು, ಆದರೆ ಪ್ರೊಪೆಲರಿಗಿಂತ ಮುಂದೆ. ಗುಳ್ಳೆಗಳ ಹಾದಿಗೆ ಬಿದ್ದರೆ ಯಂತ್ರ ಕುರುಡು, ಗಾಳಿ ಸೇರಿದ ನೀರಿನಲ್ಲಿ ಸದ್ದು ಚದುರಿಹೋಗುತ್ತದೆ. ಮೊದಲು ಸಣ್ಣ ತೂತು, ಆಮೇಲೆ ದುಂಡುಗರಗಸ, ಓರೆ ತಳಕ್ಕೆ ಹೊಂದುವ ಓರೆ ಹಲಗೆ, ಸುತ್ತ ಅಂಟು, ಒಳಗಿನಿಂದ ನಟ್ಟು. ದೋಣಿ ನೀರಿಗಿಳಿದ ಮೇಲೆ ಕಸುಬುದಾರ ಪರದೆಯತ್ತ ನೋಡುವುದಿಲ್ಲ. ಟಾರ್ಚು ಹಿಡಿದು ಒಳಗೆ ಬಗ್ಗಿ ಹನಿ ಜಿನುಗುತ್ತಿದೆಯೇ ನೋಡುತ್ತಾನೆ. ಚರ್ಮ ಹೊದಿಸಿದ ಬಿದಿರಿನ ಹರಿಗೋಲಿನಲ್ಲಿ ಕೂತು ಬೆಳೆದವರಿಗೆ ತೇಲುವ ವಸ್ತುವಿನ ತಳಕ್ಕೆ ತಾವೇ ತೂತು ಕೊರೆಯುವ ಈ ಬುದ್ಧಿ ವಿಚಿತ್ರವಾಗಿಯೇ ಕಂಡೀತು.

ಮತ್ತೆ ಅಡಿಪಟ್ಟಿಗೇ ಬರೋಣ. ಮಾರಿಕಣಿವೆ 1933ರಲ್ಲಿ 135.25 ಅಡಿ ಮುಟ್ಟಿ ಕೋಡಿ ಹರಿದಿತ್ತು. ಮುಂದಿನ ಕೋಡಿಗೆ 89 ವರ್ಷ ಕಾಯಬೇಕಾಯಿತು, 2022ರ ಸೆಪ್ಟೆಂಬರಿನವರೆಗೆ. ಅಷ್ಟರಲ್ಲಿ ಭದ್ರೆಯ ನೀರೂ ಇತ್ತ ಹರಿಯತೊಡಗಿತ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ. ಹಿರಿಯೂರಿನ ಕಡೆಯವರು ಹಾಲಿನಂತೆ ಧುಮುಕುವ ನೀರು ನೋಡಲು ಮುಗಿಬಿದ್ದಾಗ, ಹಿನ್ನೀರಿನ ಆ ತುದಿಯಲ್ಲಿ, ಹೊಸದುರ್ಗದ ಕಡೆ, ಅದೇ 130 ಅಡಿ ತೋಟಗಳೊಳಗೆ ನುಗ್ಗಿತ್ತು. ಅಲ್ಲಿಯವರಿಗೆ ಆಳ ತಿಳಿಯಲು ಪಟ್ಟಿಯೂ ಬೇಕಿರಲಿಲ್ಲ, ಸದ್ದೂ ಬೇಕಿರಲಿಲ್ಲ. ತೆಂಗಿನ ಬುಡ ಎಲ್ಲಿಯವರೆಗೆ ಮುಳುಗಿದೆ ಎಂದು ನೋಡಿದರೆ ಸಾಕಿತ್ತು.