ಮರ ಕೆತ್ತುವ ಕಿರುಯಂತ್ರ: ಸಂಖ್ಯೆ ತಿದ್ದುವ ಮುನ್ನ ತಿರುಪು ನೋಡಿ

ಶಿಡ್ಲಘಟ್ಟ: ರೇಷ್ಮೆ ನೂಲಿನ ಈ ಊರಿಗೆ ದೋಷ ಹುಡುಕುವ ಕ್ರಮ ಹೊಸತಲ್ಲ. ಎಳೆ ಪದೇ ಪದೇ ತುಂಡಾದರೆ ರೀಲರುಗಳು ಗೂಡು ಸರಿಯಾಗಿ ಬೆಂದಿದೆಯೇ ಎಂದು ನೋಡುತ್ತಾರೆಯೇ ಹೊರತು ಮೊದಲಿಗೇ ಮೋಟಾರು ಬದಲಿಸಲು ಹೊರಡುವುದಿಲ್ಲ. ನಾಮಫಲಕ, ದೇವರ ಪಟದ ಚೌಕಟ್ಟು ಮೊದಲಾದುವನ್ನು ಮನೆಯಲ್ಲೇ ಕೆತ್ತಲು ಹವ್ಯಾಸಿಗಳು ಕೊಳ್ಳುವ ಸಣ್ಣ ಸಿಎನ್‌ಸಿ ಯಂತ್ರಕ್ಕೂ ಅದೇ ವಿವೇಕ ಬೇಕು. ಇಲ್ಲವಾದರೆ ಹಾಳಾಗುವುದು ದುಬಾರಿ ತೇಗದ ಹಲಗೆ.

ಗಣಕಯಂತ್ರದ ಆಜ್ಞೆಯಂತೆ ಚಲಿಸುವ ಈ ಯಂತ್ರಗಳಲ್ಲಿ '3018' ಎಂಬ ಮಾದರಿ ಬಹುಪರಿಚಿತ. ಸಾಮಾನ್ಯವಾಗಿ ಇದರ ಸ್ಟೆಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡಿದರೆ 3200. ಲೀಡ್ ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಸರಿದರೆ, ಮಿಲಿಮೀಟರಿಗೆ 800 ಹೆಜ್ಜೆಗಳೆಂದು ತಂತ್ರಾಂಶಕ್ಕೆ ತಿಳಿಸಬೇಕು.

100 ಮಿ.ಮೀ. ಚಲಿಸೆಂದರೆ 98 ಮಾತ್ರ ಚಲಿಸಿತೆನ್ನೋಣ. ಬಹುತೇಕರು 800 ಅನ್ನು 816 ಎಂದು ತಿದ್ದಿ ಸಮಾಧಾನಪಡುತ್ತಾರೆ. ಇದು ರೋಗ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟಂತೆ. ಸ್ಕ್ರೂವಿನ ಅಳತೆ ನೂರಕ್ಕೆ ಎರಡರಷ್ಟು ತಪ್ಪುವುದಿಲ್ಲ. ಸಂಖ್ಯೆಯೇ ತಪ್ಪಿದ್ದರೆ ಚಲನೆ ಸಾಮಾನ್ಯವಾಗಿ ಅರ್ಧವೋ ಇಮ್ಮಡಿಯೋ ಆಗಿರುತ್ತದೆ. ಬೆಲ್ಟ್ ಎಳೆಯುವ ಯಂತ್ರದ ಮಾತು ಬೇರೆ. ಅಲ್ಲಿ ಉದ್ದನೆಯ ಅಳತೆ ತೆಗೆದು ಸಂಖ್ಯೆ ತಿದ್ದುವುದು ನ್ಯಾಯವೇ.

ಆದುದರಿಂದ ಮರ ಇಡದೆ, ಬರಿಯ ಚಲನೆಯನ್ನು ಹೋಗಿ ಬರುವ ಎರಡೂ ದಿಕ್ಕಿನಲ್ಲಿ ಅಳೆಯಬೇಕು. 50 ಮಿ.ಮೀ.ಗೂ 100 ಮಿ.ಮೀ.ಗೂ ಒಂದೇ ಪ್ರಮಾಣದ ಕೊರತೆ, ಅದೂ ದಿಕ್ಕು ಬದಲಾದಾಗ ಮಾತ್ರ ಕಂಡರೆ, ಸ್ಕ್ರೂ ಮತ್ತು ನಟ್ಟಿನ ನಡುವೆ ಸಡಿಲವಿದೆ. ವೃತ್ತ ಕೆತ್ತಿದಾಗ ನಾಲ್ಕು ಕಡೆ ಚಪ್ಪಟೆಯಾಗುವುದು ಇದರಿಂದಲೇ. ಕೊರತೆ ಪ್ರತಿ ಸಲವೂ ಬೇರೆಯಾದರೆ ಮೋಟಾರು ಹೆಜ್ಜೆ ತಪ್ಪುತ್ತಿದೆ, ಇಲ್ಲವೇ ಮೋಟಾರನ್ನೂ ಸ್ಕ್ರೂವನ್ನೂ ಜೋಡಿಸುವ ಕಪ್ಲಿಂಗ್ ಜಾರುತ್ತಿದೆ. ಕಪ್ಲಿಂಗ್ ಮತ್ತು ದಂಡ ಎರಡರ ಮೇಲೂ ಸೇರುವಂತೆ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ ಸಾಕು: ಕೆಲಸ ಮುಗಿದ ಮೇಲೆ ಗೆರೆ ಎರಡಾಗಿದ್ದರೆ ಸಣ್ಣ ತಿರುಪು ಬಿಗಿ ಮಾಡಬೇಕು. ಅತಿ ಅಗ್ಗದ ಪರೀಕ್ಷೆ, ಆದರೆ ಮಾಡುವವರು ಕಡಿಮೆ!

ಗೆರೆ ಕದಲದಿದ್ದರೆ ವೇಗವನ್ನೂ ವೇಗೋತ್ಕರ್ಷವನ್ನೂ ಅರ್ಧಕ್ಕಿಳಿಸಿ ನೋಡಬೇಕು. ಆಗ ಅಳತೆ ಸರಿಬಂದರೆ ಮೋಟಾರಿನ ಶಕ್ತಿ ಸಾಲದೆಂದರ್ಥ. ಡ್ರೈವರಿನ ವಿದ್ಯುತ್ ಪ್ರವಾಹ ಹೆಚ್ಚಿಸುವುದು ಕೊನೆಯ ಮಾತಾಗಿರಲಿ; ಮಿತಿಮೀರಿದರೆ ಅದು ಸುಡುತ್ತದೆ.

ಮರ ಕರಕಲಾಗುತ್ತಿದ್ದರೆ ಉಳಿಬಿಟ್ಟು ಮೊಂಡಾಗಿರಬಹುದು, ಅಥವಾ ಬಹಳ ನಿಧಾನವಾಗಿ ಸಾಗುತ್ತಿರಬಹುದು. ನಿಮಿಷಕ್ಕೆ 10,000 ಸುತ್ತು, ಎರಡು ಅಲಗು, ಪ್ರತಿ ಅಲಗಿಗೆ 0.05 ಮಿ.ಮೀ. ಚೂರು ಎಂದರೆ ನಿಮಿಷಕ್ಕೆ 1000 ಮಿ.ಮೀ. ವೇಗವಾಯಿತು. ಕಿರುಯಂತ್ರಕ್ಕೆ ಇದು ಭಾರವೆನಿಸಿದರೆ ವೇಗಕ್ಕಿಂತ ಮೊದಲು ಆಳ ಕಡಿಮೆ ಮಾಡುವುದು ಲೇಸು. ಗಟ್ಟಿ ಮರದಲ್ಲಿ ಒಂದು ಸಲಕ್ಕೆ ಅರ್ಧ ಮಿ.ಮೀ. ಸಾಕು. ಹಸಿ ಬೇವು, ಹಲಸಿನ ನಾರು ಸಿಬಿರೆದ್ದರೆ ಯಂತ್ರದ ತಪ್ಪಲ್ಲ, ಮರ ಒಣಗಬೇಕು.

ಬಿಟ್ಟು ತಿರುಗುವಾಗ ಕೈಗವಸು, ಜೋಲು ಬಟ್ಟೆ ಬೇಡ. ನುಣುಪು ಧೂಳಿಗೆ ಮುಖಗವಸು ಬೇಕೇ ಬೇಕು.