ಮಾಳಿಗೆಮನೆಯ ತೊಲೆ, ಗಿಟಾರಿನ ಹಲಗೆ: ಚಿತ್ರದುರ್ಗ ಸೀಮೆಯ ವಾದ್ಯಮರದ ವಿಚಾರ

ಗಿಟಾರ್ ಕಟ್ಟುವವರ ಮಾತು ಸಾಮಾನ್ಯವಾಗಿ ಮರದ ಜಾತಿಯಿಂದ ಶುರುವಾಗುತ್ತದೆ: ಮೇಲ್ಹಲಗೆಗೆ ಸ್ಪ್ರೂಸ್, ಬೆನ್ನಿಗೆ ಬೀಟೆ. ಚಿತ್ರದುರ್ಗದ ಬಯಲಿನಲ್ಲಿ ಮೊದಲು ಕೇಳಬೇಕಾದದ್ದು ಬೇರೆ. ಈ ಮರ ಎಷ್ಟು ಕಾಲ, ಎಂಥ ಗಾಳಿಯಲ್ಲಿ ಒಣಗಿದೆ?

ಹಸಿಮರದ ಕೋಶಗಳ ಪೊಳ್ಳಿನಲ್ಲಿರುವ ನೀರು ಬೇಗ ಆರುತ್ತದೆ. ಕೋಶದ ಗೋಡೆಗೆ ಅಂಟಿದ ನೀರು ಹೊರಟಾಗಲೇ ಮರ ಕುಗ್ಗುವುದು. ಆ ಕುಗ್ಗು ಎಲ್ಲ ದಿಕ್ಕಿಗೂ ಸಮವಲ್ಲ. ಉಂಗುರಗಳ ಗುಂಟ ಆಗುವುದು ತಿರುಳಿನಿಂದ ತೊಗಟೆಯತ್ತ ಆಗುವುದರ ಹೆಚ್ಚುಕಡಿಮೆ ಇಮ್ಮಡಿ. ಆದ್ದರಿಂದ ಹಲಗೆಯ ತುದಿಯಲ್ಲಿ ಉಂಗುರದ ಗೆರೆಗಳು ನೆಟ್ಟಗೆ ನಿಲ್ಲುವಂತೆ ಸೀಳಬೇಕು. ಸುಮಾರು 3 ಮಿ.ಮೀ. ದಪ್ಪದ ಮೇಲ್ಹಲಗೆ ಆರು ಉಕ್ಕಿನ ತಂತಿಗಳ 70 ಕಿಲೋದಷ್ಟು ಎಳೆತವನ್ನು ಹೊರಬೇಕು. ಹೊಳಲ್ಕೆರೆಯ ಅಡಿಕೆತೋಟದ ತಂಪಿನಲ್ಲಿ ಆರಿದ ಹಲಗೆಯನ್ನು ಹಿರಿಯೂರಿನ ಬೇಸಿಗೆಗೆ ಒಯ್ದರೆ ಅದು ಮತ್ತೆ ಕುಗ್ಗುತ್ತದೆ, ಅಂಟಿಸಿದ ಕಡೆ ಬಿರಿಯುತ್ತದೆ.

ಈ ಸೀಮೆಯ ಮಣ್ಣಿನ ಮಾಳಿಗೆಮನೆಗಳನ್ನು ಕೆಡವಿದಾಗ ಸಿಗುವ ತೊಲೆ, ಜಂತೆ, ಕಂಬಗಳತ್ತ ನನ್ನ ಒಲವು ಇರುವುದು ಇದಕ್ಕೇ. ಹತ್ತಾರು ಬೇಸಿಗೆ, ಹತ್ತಾರು ಮಳೆಗಾಲಗಳನ್ನು ಅವು ಇಲ್ಲಿನ ಗಾಳಿಯಲ್ಲೇ ಕಳೆದಿವೆ. ಹೊಸದಾಗಿ ಕೊಯ್ದ ಮರಕ್ಕೆ ಅಂಗುಲ ದಪ್ಪಕ್ಕೆ ಒಂದು ವರ್ಷ ಕಾಯಬೇಕೆಂಬ ಬಡಗಿಗಳ ಲೆಕ್ಕ ಇಲ್ಲಿ ಎಂದೋ ತೀರಿದೆ. ಆದರೆ ಹಳೆಯದೆಲ್ಲ ಒಳ್ಳೆಯದಲ್ಲ. ಗೋಡೆಯೊಳಗೆ ಹೂತಿದ್ದ ತುದಿಗೆ ಗೆದ್ದಲು ಹಿಡಿದಿರಬಹುದು, ಚೇಗಿನ ಹೊರಗಿನ ಬಿಳಿಮರದಲ್ಲಿ ಕುಟ್ಟೆಹುಳು ಇರಬಹುದು, ಮುರಿದ ಮೊಳೆಯೊಂದು ಗರಗಸದ ಹಲ್ಲನ್ನೇ ಕಿತ್ತೀತು. ನಾಲ್ಕು ಬದಿಯನ್ನೂ ಉಜ್ಜುಗೊರಡಿನಿಂದ ಹೆರೆದು ಎಳೆ ನೋಡದೆ ಬೆಲೆ ಮಾತಾಡಬಾರದು.

ಹಲಸಿನ ಬಗ್ಗೆ ಒಂದು ತಕರಾರು ಎತ್ತಲೇಬೇಕು. ತಂಜಾವೂರು ವೀಣೆ, ಮೃದಂಗಗಳಿಗೆ ಒದಗುವ ಈ ಮರ ಗಿಟಾರಿಗೂ ಒದಗುತ್ತದೆಂದು ಹಲವರು ಊಹಿಸುತ್ತಾರೆ. ಅವೆರಡೂ ದಿಮ್ಮಿಯಿಂದ ಕೊರೆದು ತೆಗೆದ ವಾದ್ಯಗಳು. ಗಿಟಾರ್ ತೆಳುಹಲಗೆಗಳ ಪೆಟ್ಟಿಗೆ. ಅದರ ಮೇಲ್ಹಲಗೆ ಹಗುರವಾಗಿದ್ದೂ ಬಿರುಸಾಗಿರಬೇಕು. ಘನ ಮೀಟರಿಗೆ 400-450 ಕಿಲೋ ತೂಗುವ ಸ್ಪ್ರೂಸ್ ಅಲ್ಲಿ ಗೆಲ್ಲುತ್ತದೆ, ಹಲಸು ಭಾರವಾಗುತ್ತದೆ. ಮೇಲ್ಹಲಗೆಯೊಂದನ್ನು ಹೊರಗಿನಿಂದ ತರಿಸುವುದರಲ್ಲಿ ನಾಚಿಕೆಯಿಲ್ಲ. ಹೊಸದುರ್ಗದ ಹಿತ್ತಿಲ ಹಲಸು ಬೆನ್ನಿಗೂ ಪಕ್ಕಗಳಿಗೂ ಸಾಕು, ಹಳೆಯ ತೇಗದ ತೊಲೆ ಕುತ್ತಿಗೆಗೆ.

ತೊಲೆಯನ್ನು ಸೀಳಿದ ಕೂಡಲೇ ಅಂಟಿಸಬಾರದು. ಒಳಗಿನ ಬಿಗಿ ಸಡಿಲಿ ಹಲಗೆ ತಿರುಚುವುದುಂಟು. ನಡುನಡುವೆ ಪಟ್ಟಿಗಳಿಟ್ಟು ನೆರಳಲ್ಲಿ ಒಟ್ಟಬೇಕು, ವಾರಕ್ಕೊಮ್ಮೆ ತಕ್ಕಡಿಗೆ ಹಾಕಿ ತೂಕ ಬರೆದಿಡಬೇಕು. ಸತತ ನಾಲ್ಕು ವಾರ ಅಂಕಿ ಕದಲದಿದ್ದರೆ ಅಂಟು ಕಾಯಿಸಬಹುದು.